ಹಯೇಟಸ್

ನಡೆಯುತ್ತಿರುವ ಕೆಲಸ, ಪ್ರಕಟಣೆ ಅಥವಾ ಸರಣಿಯ ನಡುವೆ ಬೀಳುವ ಬಿಡುವನ್ನು ಸೂಚಿಸುವ ಇಂಗ್ಲಿಷ್ ಪದ. ಬಾಯ್ದೆರೆ, ಬಿರಿ ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಹಿಯಾರೆ’ಯಿಂದ ಬಂದ ‘ಹಿಯಾಟುಸ್’ ಇದರ ಮೂಲವಾಗಿದ್ದು, ಆಕಳಿಕೆಯನ್ನು ಹೇಳುವ ಇಂಗ್ಲಿಷಿನ ‘ಯಾನ್’ ಕೂಡ ದೂರದ ಬಂಧುತ್ವದಿಂದ ಇದೇ ಇಂಡೋ-ಯುರೋಪಿಯನ್ ಧಾತುವಿಗೆ ಸೇರುತ್ತದೆ. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದಕ್ಕೆ ಮೊದಲಿದ್ದದ್ದು ಬಿರುಕು, ತೆರಪು ಎಂಬ ಅರ್ಥ. ಹಸ್ತಪ್ರತಿಯಲ್ಲಿ ಲುಪ್ತವಾದ ಭಾಗವನ್ನೂ ಕಾಲದ ಬಿಡುವನ್ನೂ ಅದು ಆಮೇಲೆ ಒಳಗೊಂಡಿತು. ಹಳೆಯ ಅರ್ಥ ವೈದ್ಯಶಾಸ್ತ್ರದಲ್ಲಿ ಇಂದಿಗೂ ಉಳಿದಿದ್ದು, ವಪೆಯಲ್ಲಿ ಅನ್ನನಾಳ ಹಾದುಹೋಗುವ ರಂಧ್ರಕ್ಕೆ ಇದೇ ಹೆಸರಿದೆ.

ಧ್ವನಿಶಾಸ್ತ್ರದಲ್ಲಿ ಇದು ವ್ಯಂಜನದ ತಡೆಯಿಲ್ಲದೆ ಎರಡು ಸ್ವರಗಳು ಎದುರಾಗುವ ಸ್ಥಿತಿಯ ಹೆಸರು. ಪದ್ಯದಲ್ಲಿ ಇಂಥ ಸ್ವರಗಳು ಕಿವಿಗೆ ಆಯಾಸ ತರುವುದನ್ನು ಅಲೆಕ್ಸಾಂಡರ್ ಪೋಪ್ 1711ರಲ್ಲಿ ಪ್ರಕಟವಾದ ತನ್ನ ವಿಮರ್ಶಾಕಾವ್ಯದಲ್ಲಿ ಹಾಸ್ಯ ಮಾಡಿದ್ದಾನೆ.

ಕನ್ನಡ ವ್ಯಾಕರಣ ಈ ಸ್ಥಿತಿಯನ್ನು ಸಂಧಿಪ್ರಕರಣದಲ್ಲಿ ಎದುರಿಸುತ್ತದೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾಪಠ್ಯದವರೆಗೆ ಬೆಳೆದು ಬಂದಿರುವ ಈ ವಿವೇಚನೆಯಂತೆ, ಎದುರಾದ ಸ್ವರಗಳಲ್ಲಿ ಒಂದು ಬಿದ್ದುಹೋದರೆ ಲೋಪಸಂಧಿಯಾಗಿ ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಎಂದಾಗುತ್ತದೆ. ನಡುವೆ ಯಕಾರವೋ ವಕಾರವೋ ಬಂದರೆ ಆಗಮಸಂಧಿಯಾಗಿ ‘ಮನೆಯಲ್ಲಿ’, ‘ಗುರುವನ್ನು’ ಎಂಬ ರೂಪಗಳು ಸಿದ್ಧಿಸುತ್ತವೆ. ತೆಲುಗಿನಲ್ಲಿ ‘ಮಾ’ ಮತ್ತು ‘ಅಮ್ಮ’ ಸೇರಿ ‘ಮಾಯಮ್ಮ’ ಆಗುವುದನ್ನು ಯಡಾಗಮವೆನ್ನುತ್ತಾರೆ. ಇಂಗ್ಲಿಷಿಗೂ ಇಂತಹ ಉಪಾಯಗಳಿಲ್ಲದಿಲ್ಲ: ‘ಲಾ ಅಂಡ್ ಆರ್ಡರ್’ ಎನ್ನುವಾಗ ಬರಹದಲ್ಲಿಲ್ಲದ ರಕಾರವನ್ನು ಮೊದಲೆರಡು ಪದಗಳ ನಡುವೆ ಇಂಗ್ಲೆಂಡಿನ ಅನೇಕರು ನುಸುಳಿಸುತ್ತಾರೆ. ಆದರೆ ಅದನ್ನು ಅಲ್ಲಿನ ಸಂಪ್ರದಾಯಸ್ಥರು ದೋಷವೆಂದು ಕಂಡದ್ದುಂಟು, ಕನ್ನಡದಲ್ಲಿ ಆಗಮ ನಿಯಮವೇ ಆಗಿದೆ.

ಇಂಗ್ಲಿಷಿನ ಉಚ್ಚಾರದಲ್ಲಿ ‘ಐ’, ‘ಏ’ ಸ್ವರಗಳು ಎದುರುಬದುರಾಗುವ ಈ ಪದವನ್ನು ಕನ್ನಡದಲ್ಲಿ ‘ಹಯೇಟಸ್’ ಎಂದು ಬರೆದಾಗ ಯಕಾರ ಸೇರಿ, ಪದ ಹೇಳುವ ಸ್ಥಿತಿ ಪದದೊಳಗೇ ಇಲ್ಲವಾಗುತ್ತದೆ. ಸ್ವರಗಳ ನಡುವಿನ ತೆರಪನ್ನು ಕನ್ನಡ ಹಾಗೆಯೇ ಉಳಿಸಿಕೊಳ್ಳುವ ಸಂದರ್ಭಗಳು ಕೆಲವೇ. ‘ಅಣ್ಣಾ ಓಡು’, ‘ಅಬ್ಬಾ ಅದೇನು’ ಎಂಬಂಥ ಸಂಬೋಧನೆ, ಉದ್ಗಾರಗಳಲ್ಲಿ ಸಂಧಿಯಾಗದಿರುವುದನ್ನು ವೈಯಾಕರಣರು ಪ್ರಕೃತಿಭಾವವೆಂದು ಕರೆದಿದ್ದಾರೆ.