ಸಮೂಹಧರ್ಮವೂ ಕಾರ್ಯಚಿಂತಕರ ನಿಯಮವೂ

ಬಹುಜನರು ಒಂದುಗೂಡಿ ತಮಗೆ ತಾವೇ ಕಟ್ಟಳೆಯನ್ನು ಮಾಡಿಕೊಂಡಾಗ, ಅದನ್ನು ಮೀರಿದವನನ್ನು ದಂಡಿಸುವ ಬಗೆ ಹೇಗೆಂಬ ಪ್ರಶ್ನೆಯು ಏಳುತ್ತದೆ. ದಂಡಿಸುವ ಅಧಿಕಾರವನ್ನು ಪಡೆದವನೇ ಕಟ್ಟಳೆಯನ್ನು ಮೀರಿದರೆ ಗತಿಯೇನೆಂಬುದು ಎರಡನೆಯ ಪ್ರಶ್ನೆ. ಇದೇ ಹೆಚ್ಚು ಕಠಿನವಾದುದು. ಪ್ರಾಚೀನರು ಈ ಎರಡನ್ನೂ ಆಲೋಚಿಸಿದ್ದರೆಂಬುದಕ್ಕೆ ಶಾಸ್ತ್ರದಲ್ಲಿಯೂ ಶಾಸನದಲ್ಲಿಯೂ ಆಧಾರಗಳುಂಟು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವಿದೆ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯು ಈ ಸ್ಮೃತಿಯ ವ್ಯಾಖ್ಯಾನವೇ ಆದುದರಿಂದ, ಕನ್ನಡನಾಡಿಗೂ ಈ ಪ್ರಕರಣಕ್ಕೂ ಹಳೆಯ ನಂಟುಂಟು. ಸ್ವಧರ್ಮಕ್ಕೆ ವಿರೋಧವಿಲ್ಲದ ಸಾಮಯಿಕಧರ್ಮವನ್ನು, ಎಂದರೆ ಸಮೂಹವು ಒಡಂಬಟ್ಟು ಮಾಡಿಕೊಂಡ ನಿಯಮವನ್ನು, ರಾಜನು ವಿಧಿಸಿದ ಧರ್ಮದಂತೆಯೇ ಪಾಲಿಸಬೇಕೆಂಬುದು ಇಲ್ಲಿನ ಮೂಲತತ್ತ್ವ. ಸಮೂಹದ ಹಿತವನ್ನು ಹೇಳುವವರ ಮಾತಿಗೆ ಎದುರುಬಿದ್ದವನಿಗೆ ಪ್ರಥಮ ಸಾಹಸದಂಡ. ಗಣದ ದ್ರವ್ಯವನ್ನು ಅಪಹರಿಸಿದವನಿಗೂ ಒಡಂಬಡಿಕೆಯನ್ನು ಮೀರಿದವನಿಗೂ ಸರ್ವಸ್ವಹರಣ, ದೇಶಭ್ರಷ್ಟತೆ. ಹೀಗೆ ಭಿನ್ನಾಭಿಪ್ರಾಯಕ್ಕೂ ದ್ರೋಹಕ್ಕೂ ಸ್ಮೃತಿಕಾರನು ಒಂದೇ ದಂಡವನ್ನು ವಿಧಿಸಲಿಲ್ಲ.

ಕಾರ್ಯಚಿಂತಕರನ್ನೂ ಅವನು ಬಿಡಲಿಲ್ಲ. ಅವರು ಧರ್ಮಜ್ಞರೂ ಶುಚಿಗಳೂ ಅಲುಬ್ಧರೂ ಆಗಿರಬೇಕು. ಸಮೂಹದ ಕಾರ್ಯಕ್ಕಾಗಿ ಹೋದವನು ತನಗೆ ದೊರೆತುದನ್ನು ತಾನಾಗಿಯೇ ಒಪ್ಪಿಸಬೇಕು. ಒಪ್ಪಿಸದಿದ್ದರೆ ಹನ್ನೊಂದರಷ್ಟನ್ನು ತೆರಬೇಕು. ವಿಧೇಯತೆಯು ಸಲ್ಲುವುದು ಹಿತವನ್ನು ನುಡಿಯುವವರಿಗೆಂದು ಹೇಳಿರುವುದರಿಂದ, ಬರಿಯ ಸ್ಥಾನಬಲವು ಸಾಲದೆಂಬುದು ಇಲ್ಲಿ ಧ್ವನಿತವಾಗುತ್ತದೆ. ಶ್ರೇಣಿ, ನೈಗಮ, ಪಾಷಂಡಿ, ಗಣಗಳಿಗೂ ಇದೇ ವಿಧಿ. ಅವರವರ ಭೇದವನ್ನೂ ಪೂರ್ವದ ನಡವಳಿಕೆಯನ್ನೂ ರಾಜನು ಕಾಪಾಡತಕ್ಕದ್ದು.

ಶಾಸ್ತ್ರವು ಗುಣವನ್ನು ಹೇಳಿತು. ಗುಣವನ್ನು ಪರೀಕ್ಷಿಸುವ ಉಪಾಯವನ್ನು ತೊಂಡೈಮಂಡಲದ ಉತ್ತರಮೇರೂರಿನ ಸಭೆಯು ಕಲ್ಪಿಸಿತು. ಚೋಳ ಪರಾಂತಕನ ಕಾಲದ ಅಲ್ಲಿನ ಎರಡು ಶಾಸನಗಳು ಕ್ರಿ. ಶ. 919 ಮತ್ತು 921ಕ್ಕೆ ಸೇರಿದವು. ಮೊದಲ ನಿಯಮವನ್ನು ಎರಡೇ ವರ್ಷಗಳಲ್ಲಿ ತಿದ್ದಬೇಕಾಯಿತೆಂಬುದು ಗಮನಾರ್ಹ. ತಿದ್ದಿದ ನಿಯಮದಂತೆ ವಾರಿಯಗಳಿಗೆ, ಎಂದರೆ ಉಪಸಮಿತಿಗಳಿಗೆ, ಸೇರತಕ್ಕವನ ವಯಸ್ಸು 35ಕ್ಕೆ ಮೇಲ್ಪಟ್ಟು 70ಕ್ಕೆ ಒಳಪಟ್ಟಿರಬೇಕು. ಹಿಂದಿನ ಮೂರು ವರ್ಷಗಳಲ್ಲಿ ಅವನು ಆ ಸ್ಥಾನದಲ್ಲಿದ್ದಿರಬಾರದು. ಲೆಕ್ಕವನ್ನು ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಅನರ್ಹರು. 30 ಕೇರಿಗಳಿಂದ ಹೆಸರಿನ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಒಳಗಿರುವುದನ್ನರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿಯೇ ಅದನ್ನು ಸ್ವೀಕರಿಸಿ ಓದಬೇಕಾಗಿತ್ತು. ಓಲೆಯನ್ನು ಬದಲಿಸುವುದಕ್ಕೆ ಅವಕಾಶವಿರಲಿಲ್ಲ.

ಈ ಸಭೆಯು ಭೂಮಿಯುಳ್ಳ, ವೇದವನ್ನು ಬಲ್ಲ ಬ್ರಾಹ್ಮಣರದು. ಊರಿನ ಸ್ತ್ರೀಯರಿಗೂ ಒಕ್ಕಲುಮಕ್ಕಳಿಗೂ ಅದರಲ್ಲಿ ಸ್ಥಾನವಿರಲಿಲ್ಲ. ಆದುದರಿಂದ ಇದನ್ನು ಇಂದಿನ ಪ್ರಜಾಪ್ರಭುತ್ವವೆಂದು ಹೊಗಳುವುದು ಇತಿಹಾಸಕ್ಕೆ ಅಪಚಾರವಾದೀತು. ಆದರೂ ಒಂದು ವಿವೇಕವು ಇಲ್ಲಿ ನಿಸ್ಸಂದೇಹವಾಗಿದೆ: ಸದಸ್ಯರ ದೋಷಕ್ಕಿಂತ ಪಾಲಕರ ದೋಷವು ಸಮೂಹವನ್ನು ಬೇಗ ಕೆಡಿಸುತ್ತದೆಂದು ಅರಿತವರು ಮಾತ್ರವೇ ಮಧ್ಯಸ್ಥನ ಬೆರಳುಗಳಿಗೂ ನಿಯಮವನ್ನು ವಿಧಿಸಬಲ್ಲರು.