ಮೈಸೂರು ಸೀಮೆಯ ಅಂಗಸಾಧನೆಯ ಚರಿತ್ರೆಯಲ್ಲಿ ನರಮಂಡಲದ ಸ್ಥಾನ

ಅಂಗಸಾಧನೆಯ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಮಾಂಸಖಂಡಗಳ ಚರಿತ್ರೆಯನ್ನೇ ಬರೆದಿದ್ದಾರೆ. ಗರಡಿಯ ಕೆಮ್ಮಣ್ಣು, ದಂಡ, ಬಸ್ಕಿ, ಗದೆ, ಜಟ್ಟಿಗಳ ಕಾಳಗ, ದಸರೆಯ ಕುಸ್ತಿ ಇವುಗಳ ವರ್ಣನೆ ನಮಗೆ ಬೇಕಾದಷ್ಟು ದೊರೆಯುತ್ತದೆ. ಆದರೆ ನೊಂದ ಸೊಂಟ, ಸೆಟೆದ ಭುಜ, ಸ್ವಾಧೀನ ತಪ್ಪಿದ ಕಾಲು ಸಾಧನೆಯಿಂದ ಮತ್ತೆ ಹೇಗೆ ವಶಕ್ಕೆ ಬರುತ್ತವೆಂಬ ಪ್ರಶ್ನೆಯನ್ನು ಚರಿತ್ರಕಾರರು ಅಷ್ಟಾಗಿ ಎತ್ತಿಕೊಂಡಿಲ್ಲ. ಈಗಲಾದರೋ ನಗರದ ವ್ಯಾಯಾಮ ಶಿಕ್ಷಕರು ನರವಿಜ್ಞಾನದ ಹೆಸರು ಹೇಳಿ, ತಾವು ಪಳಗಿಸುವುದು ಸ್ನಾಯುವನ್ನಲ್ಲ, ಮೆದುಳನ್ನು ಎನ್ನುತ್ತಿದ್ದಾರೆ. ಇನ್ನು ಕೆಲವರು ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದೇ ಇದ್ದಿತೆನ್ನುತ್ತಾರೆ. ಈ ಎರಡು ಮಾತುಗಳನ್ನೂ ನಾವು ಇದ್ದಂತೆಯೇ ಒಪ್ಪಲಾರೆವು. ಸಾಧನೆ ಹಳೆಯದು, ಅದರ ಕಾರಣದ ಅರಿವು ಹೊಸದು ಎಂಬುದು ನಮ್ಮ ಅಭಿಪ್ರಾಯ. ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂತಹ ಊರುಗಳಲ್ಲಿ ಅಡಕೆ ತೋಟದ ದುಡಿಮೆಯಿಂದ ಬೆನ್ನು ಸೋತವರ ದೃಷ್ಟಿಯಿಂದ ನೋಡಿದರೆ ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ.

ಮೊದಲು ಒಂದು ಮಾತಿನ ವಿಚಾರ. ಕನ್ನಡದಲ್ಲಿ 'ನರ' ಎಂಬ ಶಬ್ದ ಬಹು ಉದಾರವಾದುದು. ಉಬ್ಬಿ ಕಾಣುವ ರಕ್ತನಾಳವೂ ನರವೇ, ಬಿಗಿದ ಸ್ನಾಯುರಜ್ಜುವೂ ನರವೇ, ಸಂವೇದನೆಯನ್ನು ಒಯ್ಯುವ ತಂತುವೂ ನರವೇ. 'ನರ ಹಿಡಿದುಕೊಂಡಿದೆ' ಎನ್ನುವ ರೈತನ ಮಾತಿನಲ್ಲಿ ಈ ಮೂರರಲ್ಲಿ ಯಾವುದೂ ಇರಬಹುದು. ಆದುದರಿಂದ ಹಳೆಯ ಬರಹವೊಂದರಲ್ಲಿ 'ನರಗಳಿಗೆ ಬಲ' ಎಂಬ ಮಾತು ಕಂಡೊಡನೆ ಅದನ್ನು ಇಂದಿನ ನರವಿಜ್ಞಾನವೆಂದು ಅರ್ಥಮಾಡುವುದು ಅವಸರದ ಕೆಲಸವಾಗುತ್ತದೆ.

ಹಿಂದಿನ ಆಧಾರಗಳಿಗೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರ ತರಗತಿ, ಆಹಾರ, ಅಭ್ಯಾಸಗಳ ವಿವರವಿದೆ. ಮೈಸೂರಿನ ಜಟ್ಟಿಗಳು ಕಾಳಗದಲ್ಲಿ ಹೇಗೋ ಹಾಗೆಯೇ ಕೀಲು ತಪ್ಪಿದುದನ್ನು ಕೂರಿಸುವುದರಲ್ಲಿಯೂ ಹೆಸರಾಗಿದ್ದರು. ಪಳಗಿಸುವವನೂ ಗುಣಪಡಿಸುವವನೂ ಒಬ್ಬನೇ ಆಗಿದ್ದನೆಂಬುದು ಇದರಿಂದ ವಿದಿತವಾಗುತ್ತದೆ. ಗುಣವಾದುದು ಏಕೆಂಬುದನ್ನು ಮಾತ್ರ ಇಂತಹ ಆಧಾರಗಳಿಂದ ತಿಳಿಯಲಾಗುವುದಿಲ್ಲ.

ಈ ದೃಷ್ಟಿಯಿಂದ ನಮಗೆ ಅತ್ಯಂತ ಕುತೂಹಲಕರವಾಗಿ ತೋರುವ ವ್ಯಕ್ತಿ ಕೆ. ವಿ. ಅಯ್ಯರ್. ಕನ್ನಡ ವಾಚಕರು ಇವರನ್ನು 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದೂ, ಕೈಲಾಸಂ ಅವರ ಆಪ್ತರೆಂದೂ ಬಲ್ಲರು. ಹೊರಗಿನ ಪ್ರಪಂಚ ಬಲ್ಲುದು ಅವರ ದೇಹವನ್ನು! ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸಿ, ಅಂಚೆಯ ಮೂಲಕ ದೂರದ ಊರುಗಳಿಗೂ ಪಾಠ ಕಳುಹಿಸಿ, 1930ರ ದಶಕದಲ್ಲಿ ಇಂಗ್ಲಿಷಿನಲ್ಲಿ ಅಂಗಸಾಧನೆಯ ಪುಸ್ತಕಗಳನ್ನು ಅಚ್ಚುಹಾಕಿಸಿದವರು ಅವರು. ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಒಂದೇ ಕ್ರಮದಲ್ಲಿ ಹೊಂದಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಲಕ್ವದ ಆಘಾತಕ್ಕೆ ತುತ್ತಾದಾಗ ಅಯ್ಯರ್ ಅವರ ಆರೈಕೆಯಿಂದ ಚೇತರಿಸಿಕೊಂಡರೆಂದೂ, ಆ ಕೃತಜ್ಞತೆಯಿಂದ ಅವರ ವ್ಯಾಯಾಮ ಶಾಲೆಯ ಕಟ್ಟಡಕ್ಕೆ ಧನಸಹಾಯ ಮಾಡಿದರೆಂದೂ ಅಂಗಸಾಧನೆಯ ಚರಿತ್ರಕಾರರು ಹೇಳುತ್ತಾರೆ. ಮಹಾರಾಜರು 1940ರ ಆಗಸ್ಟ್ 3ರಂದು ತೀರಿಕೊಂಡರು.

ಈ ಪ್ರಸಂಗವನ್ನು ಪವಾಡವೆಂದು ಓದುವುದು ಸುಲಭ. ನಾವು ಹಾಗೆ ಓದಬೇಕಾಗಿಲ್ಲ. ಲಕ್ವವಾದವರಲ್ಲಿ ಹಲವರು ಮೊದಲ ತಿಂಗಳುಗಳಲ್ಲಿ ಯಾವ ವಿಶೇಷ ಸಾಧನೆಯಿಲ್ಲದೆಯೂ ಸ್ವಲ್ಪಮಟ್ಟಿಗೆ ಸುಧಾರಿಸುತ್ತಾರೆ. ಒಬ್ಬ ರೋಗಿಯ ಕಥೆ, ಆತ ಅರಸನೇ ಆಗಿರಲಿ, ಪ್ರಮಾಣವಾಗಲಾರದು. ಆದರೆ ಇದರಲ್ಲಿ ಒಂದು ಮುಖ್ಯ ಸಂಗತಿ ಅಡಗಿದೆ. ಲಕ್ವದಲ್ಲಿ ಕೆಡುವುದು ತೋಳಿನ ಸ್ನಾಯುವಲ್ಲ, ತೋಳಿಗೆ ಆಜ್ಞೆಯನ್ನು ಕಳುಹಿಸುವ ಮೆದುಳಿನ ಭಾಗ. ಹೀಗಿರಲಾಗಿ, ಸ್ನಾಯುಗಳ ಸೌಂದರ್ಯಕ್ಕೆ ಹೆಸರಾದ ಶಿಕ್ಷಕರೊಬ್ಬರು ಲಕ್ವದ ರೋಗಿಯ ಕೈಕಾಲುಗಳನ್ನು ಪಳಗಿಸಲು ತೊಡಗಿದಾಗ, ಅವರು ಮುಟ್ಟುತ್ತಿದ್ದುದು ಸ್ನಾಯುವನ್ನಾದರೂ ಪಾಠ ಸಲ್ಲುತ್ತಿದ್ದುದು ಮೆದುಳಿಗೆ.

ಇದರ ಕಾರಣ ಹೊರಬಿದ್ದುದು ಬೇರೆ ಕಡೆಗಳಲ್ಲಿ, ಬಿಡಿಬಿಡಿಯಾಗಿ. ಕೀಲು, ಸ್ನಾಯುಗಳಿಂದ ಮೆದುಳಿಗೆ ತಮ್ಮ ನಿಲುವಿನ ವರದಿ ಸದಾ ಹೋಗುತ್ತಿರುತ್ತದೆಂಬುದಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್ಟನ್ 1906ರ ವೇಳೆಗೆ ಶಾಸ್ತ್ರೀಯ ಹೆಸರು ಕೊಟ್ಟರು. ನಮ್ಮ ಕೊನೆಗಾರನು ಒಂದು ಅಡಕೆ ಮರವನ್ನು ಬಾಗಿಸಿ ಮತ್ತೊಂದಕ್ಕೆ ದಾಟುವಾಗ ಕಾಲಿನತ್ತ ನೋಡುವುದಿಲ್ಲ. ಆದರೂ ಕಾಲು ಎಲ್ಲಿದೆಯೆಂದು ಬಲ್ಲ. ಷೆರಿಂಗ್ಟನ್ ಹೆಸರಿಸಿದುದು ಈ ಅರಿವನ್ನೇ. ಭಾರ ಎತ್ತುವ ಸಾಧನೆಯ ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚುವುದು ಸ್ನಾಯು ದಪ್ಪವಾಗುವುದರಿಂದಲ್ಲ, ನರಗಳು ಅದನ್ನು ಹೆಚ್ಚು ಸಮರ್ಥವಾಗಿ ದುಡಿಸುವುದರಿಂದ ಎಂದು ಮೊರಿತಾನಿ ಮತ್ತು ಡಿವ್ರೀಸ್ 1979ರಲ್ಲಿ ತೋರಿಸಿದರು. ಮೂರು ವಾರದಲ್ಲಿ ಹೊಸ ಹುಡುಗನಿಗೆ 'ಮೈ ಒಗ್ಗಿತು' ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ. ಲಕ್ವದ ರೋಗಿಯ ಚೆನ್ನಾಗಿರುವ ಕೈಯನ್ನು ಕಟ್ಟಿಟ್ಟು, ಸೋತ ಕೈಯಿಂದಲೇ ಕೆಲಸ ಮಾಡಿಸುವ ಎಡ್ವರ್ಡ್ ಟಾಬ್ ಅವರ ಕ್ರಮವನ್ನು 222 ರೋಗಿಗಳ ಮೇಲೆ ಪರೀಕ್ಷಿಸಿ, ಅದು ಫಲಕಾರಿಯೆಂದು 2006ರಲ್ಲಿ ಪ್ರಕಟಿಸಲಾಯಿತು. ಅರಮನೆಯ ಪ್ರಸಂಗದಿಂದ ಈ ಪ್ರಮಾಣಕ್ಕೆ ಆರು ದಶಕಗಳಿಗೂ ಹೆಚ್ಚಿನ ಅಂತರವಿದೆ.

ಚಲನೆಯ ವಿಚಾರ ಇಷ್ಟಾಯಿತು. ನೋವಿನ ವಿಚಾರ ಇದಕ್ಕಿಂತ ತೊಡಕಿನದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ರೋಗಿಷ್ಠ ಬಾಲಕರಾಗಿದ್ದು, ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಅಭ್ಯಾಸ ಮಾಡಿ, 1937ರಲ್ಲಿ ಪುಣೆಗೆ ತೆರಳಿದರು. 1979ರಲ್ಲಿ ಎರಡು ಸ್ಕೂಟರ್ ಅಪಘಾತಗಳಲ್ಲಿ ಗಾಯಗೊಂಡು, ಅರವತ್ತರ ವಯಸ್ಸಿನಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಹಗ್ಗ, ಮರದ ದಿಮ್ಮಿ, ಕುರ್ಚಿಗಳ ಆಸರೆಯಿಂದ, ಹೆದರದೆ ತಾಳಬಲ್ಲಷ್ಟೇ ಚಲನೆಯಿಂದ ತೊಡಗಿ ಮೆಲ್ಲಮೆಲ್ಲನೆ ಅದನ್ನು ಹೆಚ್ಚಿಸುವುದು ಅವರ ಪದ್ಧತಿಯಲ್ಲಿ ಎದ್ದು ಕಾಣುವ ಗುಣ. ಗರಡಿಯ ಹಟಕ್ಕಿಂತ ಇದು ಭಿನ್ನ. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚಿನದು.

ಏಕೆಂದರೆ, ನೋವು ಗಾಯದ ಅಳತೆಗೋಲಲ್ಲವೆಂಬುದು ಈಗ ಸ್ಥಿರಪಟ್ಟಿದೆ. ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ವಾದದಂತೆ ಮೆದುಳುಬಳ್ಳಿಯಲ್ಲಿ ಒಂದು ಬಗೆಯ ಬಾಗಿಲಿದ್ದು, ದೇಹದಿಂದ ಬರುವ ಸೂಚನೆಗಳನ್ನು ಅದು ಕೆಲವೊಮ್ಮೆ ತಡೆಯುತ್ತದೆ, ಕೆಲವೊಮ್ಮೆ ಬಿಡುತ್ತದೆ. ಆ ವಾದದ ವಿವರಗಳು ತಿದ್ದುಪಡಿಯಾಗಿವೆ, ತಿರುಳು ಉಳಿದಿದೆ. ಯಾವ ನೋವೂ ಇಲ್ಲದವರ ಬೆನ್ನುಮೂಳೆಯನ್ನು ಚಿತ್ರ ತೆಗೆದು ನೋಡಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ, ಇಪ್ಪತ್ತರ ಪ್ರಾಯದವರಲ್ಲಿ ಶೇಕಡ 37, ಎಂಬತ್ತರವರಲ್ಲಿ ಶೇಕಡ 96 ಮಂದಿಗೆ ಬಿಲ್ಲೆಗಳ ಸವೆತ ಕಂಡುಬಂದಿತು. ಹಾಗಾದರೆ ಸವೆತವೊಂದೇ ನೋವಿಗೆ ಕಾರಣವೆನ್ನುವುದು ಹೇಗೆ? ದೀರ್ಘಕಾಲದ ನೋವಿನಲ್ಲಿ ನರಮಂಡಲವೇ ಅತಿಯಾಗಿ ಎಚ್ಚರಗೊಂಡು, ಬಗ್ಗುವುದೆಂಬ ಸಾಮಾನ್ಯ ಚಲನೆಯನ್ನೂ ಅಪಾಯವೆಂದು ಎಣಿಸುತ್ತದೆ. ಅದನ್ನು ಅಪಾಯವಲ್ಲವೆಂದು ಮತ್ತೆ ಮತ್ತೆ ಅನುಭವಕ್ಕೆ ತಂದುಕೊಡುವುದೇ ಇಂದಿನ ನರವಿಜ್ಞಾನವನ್ನು ಅರಿತ ವ್ಯಾಯಾಮದ ಗುಟ್ಟು.

ಇಲ್ಲಿಯೇ ಒಂದು ಅನ್ಯಾಯಕ್ಕೂ ದಾರಿಯಿದೆ. 'ನೋವು ಮೆದುಳಿನಲ್ಲಿದೆ' ಎಂಬುದನ್ನು 'ನೋವು ಸುಳ್ಳು' ಎಂದು ತಿರುಗಿಸಲು ಬಹಳ ಹೊತ್ತು ಬೇಕಾಗುವುದಿಲ್ಲ. ಕೂಲಿಯಾಳಿನ ವಿಷಯದಲ್ಲಂತೂ ಆ ಮಾತು ನಾಲಗೆಯ ತುದಿಯಲ್ಲಿಯೇ ಇರುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ತನ್ನ 1979ರ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿದಾಗ, ನೊಂದವರು ಹೇಳುವ ಮಾತನ್ನು ಗೌರವಿಸಬೇಕೆಂಬುದನ್ನು ಅದರ ಟಿಪ್ಪಣಿಯಲ್ಲಿಯೇ ಸೇರಿಸಿತು.

ಪ್ರಮಾಣದ ವಿಷಯದಲ್ಲಿ ಹಿಗ್ಗಬೇಕಾದುದೂ ಇಲ್ಲ, ಕುಗ್ಗಬೇಕಾದುದೂ ಇಲ್ಲ. ಬೆಂಗಳೂರಿನ ವಿವೇಕಾನಂದ ಯೋಗ ಸಂಸ್ಥೆಯವರು 80 ಮಂದಿ ಸೊಂಟನೋವಿನ ರೋಗಿಗಳನ್ನು ಎರಡು ಗುಂಪಾಗಿಸಿ, ಒಂದು ವಾರ ಯೋಗವನ್ನೂ ಬರಿಯ ವ್ಯಾಯಾಮವನ್ನೂ ಹೋಲಿಸಿ, ಯೋಗದ ಗುಂಪಿಗೆ ಹೆಚ್ಚಿನ ಅನುಕೂಲವಾಯಿತೆಂದು 2008ರಲ್ಲಿ ಪ್ರಕಟಿಸಿದರು. ಅವಧಿ ಅಲ್ಪ, ಪರೀಕ್ಷಿಸಿದವರು ಯೋಗವನ್ನೇ ಬೋಧಿಸುವವರು. ಆಸ್ಟ್ರೇಲಿಯದಲ್ಲಿ 492 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆ ಹೆಚ್ಚು ಭದ್ರವಾದುದು: ನೋವಿನ ಅರ್ಥವನ್ನು ತಿಳಿಸಿ, ಹೆದರಿದ ಚಲನೆಯನ್ನೇ ಹಂತಹಂತವಾಗಿ ಮಾಡಿಸಿದವರಿಗೆ ಆದ ಉಪಶಮನ ಒಂದು ವರ್ಷದ ನಂತರವೂ ನಿಂತಿತ್ತು. ಆದರೆ ನಗರದ ಕೆಲವು ಶಿಕ್ಷಕರು ಕಣ್ಣು ಹೊರಳಿಸುವ ನಾಲ್ಕು ಅಭ್ಯಾಸಗಳಿಂದ ನಿಮಿಷದಲ್ಲಿ ಮಂಡಿನೋವು ಕಳೆಯುತ್ತೇವೆನ್ನುವುದಕ್ಕೆ ಇಂತಹ ಆಸರೆಯಿಲ್ಲ.

ಮಲೆನಾಡಿನಲ್ಲಿ ಈ ವಿಷಯವನ್ನು ಪರಿಶೀಲಿಸುವವರು ಗರಡಿಗಿಂತ ಮೊದಲು ಅಡಕೆಯ ಅಂಗಳಕ್ಕೆ ಹೋಗಬೇಕಾದೀತು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕುಳಿತು ಸುಲಿಯುವ ಹೆಂಗಸರ ಸೊಂಟ ಒಂದೇ ಭಂಗಿಗೆ ಒಗ್ಗಿರುತ್ತದೆ. ಅವರಿಗೆ ವಿಶ್ರಾಂತಿಗಿಂತ ಭಂಗಿಯ ಬದಲಾವಣೆಯೇ ಹೆಚ್ಚು ಹಿತವೆನಿಸಬಹುದು. ಈಚೆಗೆ ಮರ ಹತ್ತುವವರು ವಿರಳವಾಗಿ, ನೆಲದಲ್ಲಿಯೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರಿನ ದೋಟಿ ತೋಟಗಳಿಗೆ ಬಂದಿದೆ. ಬೀಳುವ ಭಯ ತಪ್ಪಿತು, ದೊಡ್ಡ ಲಾಭವೇ ಸರಿ. ಆದರೆ ದೋಟಿ ಹಿಡಿದವನು ದಿನವೆಲ್ಲ ಕತ್ತೆತ್ತಿ ನಿಲ್ಲಬೇಕು. ಕೊನೆಗಾರನ ಮೈಯಲ್ಲಿದ್ದ ಆ ನೋಡದೆ ತಿಳಿಯುವ ಅರಿವು ಹಿಂದೆ ಸರಿದು, ಹೊಸ ಕೆಲಸದ ನೋವು ಈಗ ಕತ್ತಿಗೂ ಭುಜಕ್ಕೂ ಏರುತ್ತಿದೆ.