ಮುಚ್ಚೋದು ಬೇರೆ, ಅಳಿಸೋದು ಬೇರೆ: ಲೇಯರ್ ಮಾಸ್ಕ್ ಬಂದ ದಾರಿ

ಭಾಗ 1 | ಹುಲಿಕಲ್‌ನಲ್ಲಿ ಎರಡು ಕ್ಲಿಕ್

ಈ ಫೋಟೋ ಹುಲಿಕಲ್ ಘಾಟಿಯದು. ಬಾಳೆಬರೆ ಘಾಟಿ ಅಂತಲೂ ಕರೀತಾರೆ. ಹೊಸನಗರ ಕಡೆಯಿಂದ ಮಾಸ್ತಿಕಟ್ಟೆ ದಾಟಿ ಕುಂದಾಪುರಕ್ಕೆ ಇಳಿಯುವವರಿಗೆಲ್ಲ ಗೊತ್ತಿರುವ ರಸ್ತೆ. ಚಂಡಿಕಾಂಬ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ, ಕೈ ಮುಗಿದು, ಆಮೇಲೆ ಟ್ರೈಪಾಡ್ ಬಿಚ್ಚಿದೆ.

ಮಳೆಗಾಲದಲ್ಲಿ ಇಲ್ಲಿ ಒಂದು ತೊಂದರೆ ಇದೆ. ಮೇಲೆ ಮಂಜು ಬೆಳ್ಳಗೆ ಹೊಳೀತಿರುತ್ತೆ, ಕೆಳಗೆ ಕಾಡು ಹಾಡುಹಗಲೇ ಕಪ್ಪಗಿರುತ್ತೆ. ಕಾಡಿಗೆ ಬೆಳಕು ಹೊಂದಿಸಿದರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತೆ. ಆಕಾಶಕ್ಕೆ ಹೊಂದಿಸಿದರೆ ಕಾಡು ಬರೀ ಮಸಿ. ಹಾಗಾಗಿ ಕ್ಯಾಮೆರಾ ಅಲ್ಲಾಡಿಸದೆ ಎರಡು ಸಲ ಕ್ಲಿಕ್ ಮಾಡಿದೆ. ಒಂದು ಆಕಾಶಕ್ಕೆ, ಒಂದು ಕಾಡಿಗೆ. ಮನೆಗೆ ಬಂದು ಎರಡನ್ನೂ ಲೇಯರ್ ಮಾಸ್ಕ್ ಹಾಕಿ ಸೇರಿಸಿದೆ.

ಅದನ್ನ ಪೋಸ್ಟ್ ಮಾಡಿದ ಮೇಲೆ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: "ಮಾಸ್ಕ್ ಅಂದ್ರೆ ಎಂಥ ಮಾರಾಯ? ಬೇಡದ್ದನ್ನ ಅಳಿಸೋಕೆ ಇರೇಸರ್ ಇದ್ಯಲ್ಲ, ಸಾಕಲ್ವಾ?"

ಸಾಕಾಗಲ್ಲ. ಯಾಕೆ ಅಂತ ಹೇಳೋಕೆ ಸುಮಾರು 170 ವರ್ಷ ಹಿಂದೆ ಹೋಗಬೇಕು. ಕೊನೆಯಲ್ಲಿ ನಾನೇ ಹಾಳು ಮಾಡಿದ ಒಂದು ಫೋಟೋದ ವಿಷಯವನ್ನೂ ಹೇಳಬೇಕು.

ಹೊರಡೋ ಮುಂಚೆ ಒಂದು ಚಿತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಯಕ್ಷಗಾನದ ತೆರೆ ಒಡ್ಡೋಲಗ. ಇಬ್ಬರು ತೆರೆ ಹಿಡಿದಿರ್ತಾರೆ. ಹಿಂದೆ ವೇಷ ಕುಣೀತಿರುತ್ತೆ. ನಮಗೆ ಮೊದಲು ಕಾಣೋದು ಕಿರೀಟ ಮಾತ್ರ. ಆಮೇಲೆ ತೆರೆ ಸರಿದಾಗ ಪೂರ್ತಿ ವೇಷ. ತೆರೆ ಇದ್ದಾಗಲೂ ವೇಷ ಅಲ್ಲೇ ಇತ್ತು, ನಮಗೆ ಕಾಣ್ತಿರಲಿಲ್ಲ ಅಷ್ಟೇ. ಮಾಸ್ಕ್ ಅಂದ್ರೆ ಆ ತೆರೆ.

ಭಾಗ 2 | 1857: ಆಕಾಶ ಸಿಗದ ಕಾಲ

ನನಗೆ ಹುಲಿಕಲ್‌ನಲ್ಲಿ ಬಂದ ತೊಂದರೆ 1850ರ ದಶಕದ ಎಲ್ಲ ಫೋಟೋಗ್ರಾಫರ್‌ಗಳಿಗೂ ಇತ್ತು, ಇನ್ನೂ ಜೋರಾಗಿ. ಆಗ ಗಾಜಿನ ಪ್ಲೇಟಿಗೆ ರಾಸಾಯನಿಕ ಹಚ್ಚಿ ಫೋಟೋ ತೆಗೀತಿದ್ದರು. ಆ ರಾಸಾಯನಿಕಕ್ಕೆ ನೀಲಿ ಬೆಳಕು ಕಂಡ್ರೆ ವಿಪರೀತ ಹಸಿವು. ನೆಲಕ್ಕೆ ಬೇಕಾದಷ್ಟು ಹೊತ್ತು ಬೆಳಕು ಬಿಟ್ಟರೆ ಅಷ್ಟರಲ್ಲಿ ಆಕಾಶ ಪೂರ್ತಿ ಸುಟ್ಟುಹೋಗ್ತಿತ್ತು. ಆ ಕಾಲದ ಫೋಟೋಗಳಲ್ಲಿ ಮೋಡ ಅಪರೂಪಕ್ಕೆ ಕಾಣೋದು ಇದರಿಂದಲೇ.

ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಇದಕ್ಕೊಂದು ದಾರಿ ಹುಡುಕಿದ. ಸಮುದ್ರಕ್ಕೆ ಒಂದು ನೆಗೆಟಿವ್, ಮೋಡಕ್ಕೆ ಇನ್ನೊಂದು. ಪ್ರಿಂಟ್ ಹಾಕುವಾಗ ಕಾಗದದ ಮೇಲರ್ಧ ಮುಚ್ಚಿ ಸಮುದ್ರ ಮೂಡಿಸೋದು. ಆಮೇಲೆ ಕೆಳಗಿನರ್ಧ ಮುಚ್ಚಿ ಅದೇ ಕಾಗದದ ಮೇಲೆ ಮೋಡ ಮೂಡಿಸೋದು. ಎರಡೂ ಸೇರುವ ಗೆರೆ ಸಮುದ್ರ, ಆಕಾಶ ಕೂಡುವಲ್ಲೇ ಬರುತ್ತೆ. ಅಲ್ಲಿ ಹೇಗೂ ಒಂದು ಗೆರೆ ಇರೋದೇ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಸೆತ್ ಎಂಬ ಊರಿನ ಕಡಲತಡಿಯಲ್ಲಿ 1857ರಲ್ಲಿ ತೆಗೆದ ಅವನ ದೊಡ್ಡ ಅಲೆಯ ಚಿತ್ರ ಹೀಗೆ ಆದದ್ದು.

ತಮಾಷೆ ಏನಂದ್ರೆ, ಒಂದೇ ಮೋಡದ ನೆಗೆಟಿವನ್ನ ಅವನು ಬೇರೆ ಬೇರೆ ಸಮುದ್ರದ ಚಿತ್ರಗಳಿಗೂ ಹಾಕಿದ್ದಾನೆ! ಈಗ ಒಂದೇ ಬಟನ್ ಒತ್ತಿ ಆಕಾಶ ಬದಲಾಯಿಸೋದು ಹೊಸದು ಅಂದ್ಕೊಂಡಿದ್ರಾ?

ಭಾಗ 3 | ಜಗಳವೂ ಆಗಲೇ ಶುರು

ಅದೇ 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬಾತ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ. ಬದುಕಿನ ಎರಡು ದಾರಿ ಅದರ ವಿಷಯ: ಒಂದು ಕಡೆ ಭೋಗ, ಇನ್ನೊಂದು ಕಡೆ ದುಡಿಮೆ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ತೆಗೆದು, ಉಳಿದ ಜಾಗ ಮುಚ್ಚಿಕೊಂಡು, ಒಬ್ಬೊಬ್ಬರನ್ನೇ ಕಾಗದದ ಮೇಲೆ ಕೂರಿಸಿದ. ವಿಕ್ಟೋರಿಯಾ ರಾಣಿ ಒಂದು ಪ್ರತಿ ಕೊಂಡಳು. ಚಿತ್ರದಲ್ಲಿ ಬೆತ್ತಲೆ ಹೆಂಗಸರಿದ್ದರು ಅಂತ ಸ್ಕಾಟ್‌ಲೆಂಡಿನಲ್ಲಿ ಭೋಗದ ಅರ್ಧಕ್ಕೆ ಪರದೆ ಮುಚ್ಚಿ ಪ್ರದರ್ಶಿಸಿದರು. ಮಾಸ್ಕಿನ ಮೇಲೊಂದು ಮಾಸ್ಕ್!

"ಹೀಗೆ ಸೇರಿಸಿದ್ದು ಫೋಟೋನಾ, ಸುಳ್ಳಾ?" ಅನ್ನೋ ಜಗಳ ಆವತ್ತೇ ಇತ್ತು. ನನ್ನ ಹುಲಿಕಲ್ ಫೋಟೋಗೂ ಒಬ್ಬರು ಅದನ್ನೇ ಕೇಳಿದರು. ನನ್ನ ಉತ್ತರ ಇದು: ಅದೇ ಜಾಗ, ಅದೇ ಹೊತ್ತು, ಎರಡು ಕ್ಲಿಕ್, ಕಣ್ಣಿಗೆ ಕಂಡದ್ದು. ಬೇರೆ ಊರಿನ ಸೂರ್ಯಾಸ್ತ ತಂದು ಹುಲಿಕಲ್ ಮೇಲೆ ಹಾಕಿದ್ದರೆ ಹೇಳಬೇಕಿತ್ತು.

ಇದೇ ಕೈಚಳಕ ದೊಡ್ಡವರ ಕೈಗೆ ಸಿಕ್ಕಾಗ ಏನಾಯ್ತು ಅನ್ನೋದೂ ಚರಿತ್ರೆಯಲ್ಲಿದೆ. ಮಾಸ್ಕೋದ ಕಾಲುವೆ ಪಕ್ಕ ಸ್ಟಾಲಿನ್ ಜೊತೆ ನಡೆಯುತ್ತಿದ್ದ ಪೊಲೀಸ್ ಮುಖ್ಯಸ್ಥ ಯೆಜೋವ್, 1940ರಲ್ಲಿ ಮರಣದಂಡನೆಗೆ ಗುರಿಯಾದ. ಆಮೇಲೆ ಫೋಟೋದಿಂದಲೂ ಹೋದ. ಅವನಿದ್ದ ಕಡೆ ಈಗ ನೀರು. ಮೂಲ ಫೋಟೋ ಎಲ್ಲೋ ಉಳಿದಿದ್ದರಿಂದ ಅದು ನಮಗೆ ಗೊತ್ತಾಯ್ತು. ಮೂಲ ಉಳಿಯಿತು ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 4 | ಕೆಂಪು ದೀಪದ ಕೋಣೆ, ಅಡಿಕೆ ಮೂಟೆ

ಅಡಿಕೆ ಮೂಟೆ ಮೇಲೆ ಗುರುತು ಹಾಕೋದು ನೋಡಿದೀರಾ? ತಗಡಿನಲ್ಲಿ ಅಕ್ಷರ ಕತ್ತರಿಸಿರ್ತಾರೆ. ಅದನ್ನ ಮೂಟೆ ಮೇಲಿಟ್ಟು ಬಣ್ಣ ಬಳಿದ್ರೆ ತೂತು ಇದ್ದಲ್ಲಿ ಬಣ್ಣ ಇಳಿಯುತ್ತೆ, ತಗಡು ಇದ್ದಲ್ಲಿ ಇಳಿಯಲ್ಲ. ಕಪ್ಪು ಬಿಳುಪು ಕಾಲದ ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲೂ ನಡೀತಿದ್ದದ್ದು ಇದೇ. ಅಲ್ಲಿ ಬಣ್ಣದ ಬದಲು ಬೆಳಕು, ತಗಡಿನ ಬದಲು ತಂತಿಗೆ ಸಿಕ್ಕಿಸಿದ ರಟ್ಟಿನ ತುಂಡು, ಅದೂ ಇಲ್ಲದಿದ್ರೆ ಅಂಗೈ. ಪ್ರಿಂಟ್ ಹಾಕುವಾಗ ಮುಖ ಕಪ್ಪಾಗ್ತಿದೆ ಅನ್ನಿಸಿದರೆ ರಟ್ಟನ್ನ ಬೆಳಕಿಗೆ ಅಡ್ಡ ಹಿಡಿದು ಮೆಲ್ಲಗೆ ಅಲ್ಲಾಡಿಸೋರು. ಅಲ್ಲಾಡಿಸದಿದ್ರೆ ಅಂಚಿನ ಗೆರೆ ಎದ್ದು ಕಾಣುತ್ತೆ. ಇವತ್ತು ನಾವು ಬ್ರಷ್‌ನ ಅಂಚು ಮೆತ್ತಗೆ ಇಟ್ಟುಕೊಳ್ಳೋದು ಇದೇ ಕಾರಣಕ್ಕೆ.

ಕೆಲವರು ನೆಗೆಟಿವ್ ಮೇಲೇ ಕೆಂಪು ಬಣ್ಣ ಹಚ್ಚೋರು. ಕಪ್ಪು ಬಿಳುಪು ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ಕಾಣಲ್ಲ, ಡಾರ್ಕ್‌ರೂಮಿನ ದೀಪ ಕೆಂಪಗಿದ್ದದ್ದು ಅದಕ್ಕೇ. ಹಾಗಾಗಿ ಕೆಂಪು ಹಚ್ಚಿದ ಜಾಗ ಕಾಗದದ ಲೆಕ್ಕದಲ್ಲಿ ನೆರಳು. ಆಫ್‌ಸೆಟ್ ಮುದ್ರಣದವರೂ ಕೆಂಪು ಫಿಲ್ಮ್ ಹಾಳೆಯನ್ನ ಬ್ಲೇಡಿನಲ್ಲಿ ಕತ್ತರಿಸಿ, ಬೇಡದ ಜಾಗ ಮುಚ್ಚುತ್ತಿದ್ದರು. ಫೋಟೋಶಾಪ್‌ನಲ್ಲಿ ಕ್ವಿಕ್ ಮಾಸ್ಕ್ ಒತ್ತಿದಾಗ ಮುಚ್ಚಿದ ಜಾಗ ಕೆಂಪಗೆ ಕಾಣುತ್ತಲ್ಲ, ಅದು ಈ ಕೆಂಪು ಹಾಳೆಯ ನೆನಪು.

ಆ ಕಾಲದಲ್ಲಿ ಅಳಿಸೋದೂ ಇತ್ತು. ನೆಗೆಟಿವನ್ನೇ ಬ್ಲೇಡಿನಿಂದ ಕೆರೆಯೋದು. ಕೈ ಜಾರಿದರೆ ಮುಗೀತು, ಆ ಜಾಗ ಮತ್ತೆ ಬರಲ್ಲ. ರಟ್ಟು ಸರಿಯಿಲ್ಲ ಅಂದ್ರೆ ಇನ್ನೊಂದು ಕಾಗದ ಹಾಳಾಗೋದು ಅಷ್ಟೇ, ನೆಗೆಟಿವ್ ಹಾಗೇ ಇರುತ್ತೆ. ರಟ್ಟು ಇವತ್ತಿನ ಮಾಸ್ಕ್. ಬ್ಲೇಡು ಇವತ್ತಿನ ಇರೇಸರ್.

ಭಾಗ 5 | ಅರ್ಜುನನ ಎದುರು ಬಬ್ರುವಾಹನ

ಈಗ ಎಲ್ಲರಿಗೂ ಇಷ್ಟವಾಗೋ ಜಾಗಕ್ಕೆ ಬರೋಣ. 1977ರ 'ಬಬ್ರುವಾಹನ'. ನಿರ್ದೇಶನ ಹುಣಸೂರು ಕೃಷ್ಣಮೂರ್ತಿ, ಛಾಯಾಗ್ರಹಣ ಎಸ್.ವಿ. ಶ್ರೀಕಾಂತ್. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಸವಾಲು ಹಾಕೋ ದೃಶ್ಯ ನೋಡದ ಕನ್ನಡಿಗರು ಯಾರಿದ್ದಾರೆ? ಆಗ ಕಂಪ್ಯೂಟರ್ ಇರಲಿಲ್ಲ. ಹಾಗಾದ್ರೆ ಒಂದೇ ಫ್ರೇಮಿನಲ್ಲಿ ಇಬ್ಬರು ಅಣ್ಣಾವ್ರು ಹೇಗೆ ಬಂದರು?

ಸಿನಿಮಾದವರು ಅದನ್ನ ಮಾಸ್ಕ್ ಶಾಟ್ ಅಂತಲೇ ಕರೀತಿದ್ದರು. ಮೂಲ ವಿಧಾನ ಸರಳ. ಲೆನ್ಸಿನ ಮುಂದೆ ಅರ್ಧ ಭಾಗ ಕಪ್ಪಾಗಿ ಮುಚ್ಚೋದು. ನಟ ಒಂದು ವೇಷದಲ್ಲಿ ತೆರೆದ ಕಡೆ ನಿಂತು ಅಭಿನಯಿಸ್ತಾನೆ. ಮುಚ್ಚಿದ ಕಡೆಯ ಫಿಲ್ಮಿಗೆ ಬೆಳಕು ಬೀಳದೆ ಅದು ಖಾಲಿ ಉಳಿಯುತ್ತೆ. ಆಮೇಲೆ ಫಿಲ್ಮನ್ನ ಶುರು ಮಾಡಿದ ಜಾಗಕ್ಕೇ ಹಿಂದಕ್ಕೆ ಸುತ್ತಿ, ಈಗ ಈ ಕಡೆ ಮುಚ್ಚಿ ಆ ಕಡೆ ತೆರೆದು, ಇನ್ನೊಂದು ವೇಷದಲ್ಲಿ ಮತ್ತೆ ಶೂಟ್. ಫ್ರಾನ್ಸಿನ ಜಾರ್ಜ್ ಮೆಲಿಯೆ 1900ರಲ್ಲೇ ಫಿಲ್ಮ್ ಹಿಂದಕ್ಕೆ ಸುತ್ತಿ ಸುತ್ತಿ ಒಂದೇ ಚಿತ್ರದಲ್ಲಿ ಏಳು ಮೆಲಿಯೆಗಳನ್ನ ಕೂರಿಸಿ ವಾದ್ಯ ನುಡಿಸಿದ್ದ.

ಹೇಳೋಕೆ ಸರಳ, ಮಾಡೋಕೆ ಅಲ್ಲ. ಕ್ಯಾಮೆರಾ ಕೂದಲೆಳೆಯಷ್ಟೂ ಅಲ್ಲಾಡಬಾರದು. ಎರಡೂ ಸಲ ಬೆಳಕು ಒಂದೇ ಥರ ಇರಬೇಕು. ನಟ ಮಧ್ಯದ ಗೆರೆ ದಾಟಿದರೆ ಕೈ ಅರ್ಧಕ್ಕೇ ಕತ್ತರಿಸಿಹೋಗುತ್ತೆ. ಎದುರಿಗೆ ಯಾರೂ ಇಲ್ಲದ ಕಡೆ ಕಣ್ಣಿಟ್ಟು ಅಷ್ಟು ಸಿಟ್ಟು ತೋರಿಸಬೇಕು, ಅದೂ ಹಾಡಿನ ತಾಳಕ್ಕೆ ಸರಿಯಾಗಿ. ಮರುವರ್ಷ 'ಶಂಕರ್ ಗುರು' ಚಿತ್ರದಲ್ಲಿ ಅಣ್ಣಾವ್ರದ್ದು ಮೂರು ಪಾತ್ರ!

ಎರಡು ಕ್ಲಿಕ್ ಮಧ್ಯ ಟ್ರೈಪಾಡ್ ಮುಟ್ಟಬೇಡಿ ಅಂತ ನಾನು ಪದೇ ಪದೇ ಹೇಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಭಾಗ 6 | ತೆರೆಗೆ ಲೆಕ್ಕ ಬಂತು

1970ರ ದಶಕದ ಕೊನೆಗೆ ನ್ಯೂಯಾರ್ಕಿನ ಒಂದು ಸಂಸ್ಥೆಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಕಂಪ್ಯೂಟರ್ ಚಿತ್ರಕ್ಕೆ ಹೊಸದೊಂದು ಪದರ ಸೇರಿಸಿದರು. ಅಲ್ಲಿವರೆಗೆ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇದ್ದವು. ಇವರು ನಾಲ್ಕನೆಯದು ಕೊಟ್ಟರು: ಈ ಚುಕ್ಕಿ ಎಷ್ಟು ಕಾಣಬೇಕು? ಅದಕ್ಕೆ ಆಲ್ಫಾ ಅಂತ ಹೆಸರಿಟ್ಟರು.

ಲೆಕ್ಕ ಅಂದ್ರೆ ಹೆದರಬೇಡಿ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಮಾಸ್ಕ್‌ನ ಅಂಕಿ 0ಯಿಂದ 255ರವರೆಗೆ. 255 ಅಂದ್ರೆ ಬಿಳಿ, ಮೇಲಿನ ಲೇಯರ್ ಪೂರ್ತಿ ಕಾಣುತ್ತೆ. 0 ಅಂದ್ರೆ ಕಪ್ಪು, ಮೇಲಿನದು ಪೂರ್ತಿ ಮುಚ್ಚಿ ಕೆಳಗಿನದು ಕಾಣುತ್ತೆ. ಮಧ್ಯದ ಬೂದು ಅಂದ್ರೆ ಅರ್ಧರ್ಧ. ಮೇಲಿನ ಚುಕ್ಕಿಯ ಹೊಳಪು 200, ಕೆಳಗಿನದು 100, ಮಾಸ್ಕ್ ಅರ್ಧ ಬೂದು ಇದ್ರೆ ಕಾಣೋದು ಸುಮಾರು 150. ನಮ್ಮ ಘಾಟಿಯ ಮಂಜು ಮರವನ್ನ ಮುಚ್ಚೋದೂ ಹೀಗೇ ಅಲ್ವಾ? ಒಮ್ಮೆಲೇ ಅಲ್ಲ, ಬೂದು ಬೂದಾಗಿ.

ಫೋಟೋಶಾಪ್‌ನ ಮೊದಲ ಆವೃತ್ತಿ ಬಂದದ್ದು ಫೆಬ್ರವರಿ 1990ರಲ್ಲಿ. ಬರೆದವರು ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣ ತಮ್ಮ. ಅದರಲ್ಲಿ ಲೇಯರ್ ಇರಲಿಲ್ಲ. ಒಂದರ ಮೇಲೊಂದು ಅಂಟಿಸಿ ಕೈ ಬಿಟ್ಟರೆ ಎರಡೂ ಒಂದಾಗಿಬಿಡೋವು, ಬಿಡಿಸೋಕೆ ಆಗ್ತಿರಲಿಲ್ಲ. 1994ರ 3.0 ಆವೃತ್ತಿಯಲ್ಲಿ ಲೇಯರ್ ಬಂತು, ಪ್ರತಿ ಲೇಯರ್‌ಗೂ ತನ್ನದೇ ತೆರೆ ಬಂತು. ಮಾಡಿದ ಕೆಲಸದಲ್ಲಿ ಹಲವು ಹೆಜ್ಜೆ ಹಿಂದೆ ಹೋಗೋ ಸೌಲಭ್ಯ ಬಂದದ್ದು ಇನ್ನೂ ಆಮೇಲೆ, 1998ರಲ್ಲಿ. ಅಂದ್ರೆ ಅವರಿಗೂ ಒಂದೇ ಚಿಂತೆ: ತಪ್ಪು ಮಾಡಿದವನು ವಾಪಸ್ ಬರೋದು ಹೇಗೆ?

ಭಾಗ 7 | ದೊಡ್ಡಮ್ಮನ ಮನೆ

ನಾನು ತಪ್ಪು ಮಾಡಿದೆ, ವಾಪಸ್ ಬರೋಕೆ ಆಗಲಿಲ್ಲ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರು ನೀರಿಗೆ ಹೋದವು. ನಮ್ಮ ದೊಡ್ಡಮ್ಮನ ತವರುಮನೆಯೂ ಹೋಯ್ತು. ಮನೆ ಬಿಡೋ ಮುಂಚೆ ತೆಗೆಸಿದ ಒಂದೇ ಒಂದು ಫೋಟೋ ಇತ್ತು. ಹೆಂಚಿನ ಮನೆ, ಜಗಲಿ, ತುಳಸಿಕಟ್ಟೆ, ಅಂಗಳದಲ್ಲಿ ಗಂಡಸರು, ಮಕ್ಕಳು. ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದಿತ್ತು. "ಚೊಕ್ಕ ಮಾಡಿ ಕೊಡೋ" ಅಂತ ನನಗೆ ಕೊಟ್ಟರು.

ನಾನು ಆಗಷ್ಟೇ ಕಲೀತಿದ್ದೆ. ಸ್ಕ್ಯಾನ್ ಮಾಡಿದೆ. ಇರೇಸರ್, ಕ್ಲೋನ್ ಎಲ್ಲ ನೇರವಾಗಿ ಮೂಲದ ಮೇಲೇ ಓಡಿಸಿದೆ. ಬಾಗಿಲ ಹತ್ತಿರ ಒಂದು ಮಬ್ಬು ಕಲೆ ಇತ್ತು, ಅದನ್ನೂ ತೆಗೆದೆ. ಅದೇ ಹೆಸರಿನಲ್ಲಿ ಜೆಪೆಗ್ ಸೇವ್ ಮಾಡಿದೆ. ಹೊಸ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿ ಕೊಟ್ಟೆ. ಹಳೇ ಪ್ರಿಂಟ್ ಅಟ್ಟ ಸೇರಿತು. ಆ ವರ್ಷದ ಮಳೆಗೆ ಅಂಟಿಕೊಂಡು ಪುಡಿಯಾಯ್ತು.

ದೊಡ್ಡಮ್ಮ ಫ್ರೇಮನ್ನ ಕಣ್ಣ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಬಾಗಿಲ ಸಂದಿಯಲ್ಲಿ ಅಮ್ಮ ನಿಂತಿದ್ಲಲ್ಲ, ಎಲ್ಲೋ?"

ಫೋಟೋ ತೆಗೆಯೋ ಹೊತ್ತಿಗೆ ಅವರಮ್ಮ ಅಂಗಳಕ್ಕೆ ಬಂದಿರಲಿಲ್ಲವಂತೆ. ನಾಚಿಕೆ. ಬಾಗಿಲ ಹಿಂದೆ ನಿಂತು ನೋಡ್ತಿದ್ದರಂತೆ. ಅವರದ್ದು ಬೇರೆ ಫೋಟೋ ಇಲ್ಲ. ನಾನು ಬೂಷ್ಟು ಅಂದ್ಕೊಂಡದ್ದು ಅವರನ್ನ.

ದೊಡ್ಡಮ್ಮ ಬೈಯಲಿಲ್ಲ. "ಇರಲಿ ಬಿಡು, ನಂಗೆ ಕಾಣ್ತದೆ" ಅಂದರು.

ಭಾಗ 8 | ಹೊಸಬರಿಗೆ, ಇಷ್ಟು ಮಾಡಿ

1. ಮೂಲ ಚಿತ್ರವನ್ನ ಎಲ್ಲಕ್ಕಿಂತ ಕೆಳಗಿನ ಲೇಯರ್ ಆಗಿ ಇಟ್ಟು ಲಾಕ್ ಮಾಡಿ. ಅದನ್ನ ಮುಟ್ಟಲೇಬೇಡಿ.

2. ಹಳೇ ಫೋಟೋ ಆದ್ರೆ ಮೂಲದ ನಕಲು ಒಂದನ್ನ ಮೇಲೆ ಇಟ್ಟು ಅದರಲ್ಲಿ ಕಲೆ ತೆಗೀರಿ. ಎರಡು ಕ್ಲಿಕ್ಕಿನ ಫೋಟೋ ಆದ್ರೆ ಕೆಳಗೆ ಕಾಡು, ಮೇಲೆ ಆಕಾಶ.

3. ಮೇಲಿನ ಲೇಯರ್‌ಗೆ ಮಾಸ್ಕ್ ಸೇರಿಸಿ. ಪಕ್ಕದಲ್ಲಿ ಬಿಳಿ ಚೌಕ ಬರುತ್ತೆ. ಬ್ರಷ್ ಹಿಡಿಯೋ ಮುಂಚೆ ಆ ಚೌಕದ ಮೇಲೆ ಒಂದು ಸಲ ಕ್ಲಿಕ್ ಮಾಡಿ. ಹೊಸಬರು ತಪ್ಪೋದು ಇಲ್ಲೇ. ಚಿತ್ರದ ಮೇಲೇ ಕಪ್ಪು ಬಳಿದುಬಿಡ್ತಾರೆ.

4. ಮೆತ್ತನೆ ಅಂಚಿನ ಬ್ರಷ್, ಕಪ್ಪು ಬಣ್ಣ, ಒಪಾಸಿಟಿ 20, 30ರಷ್ಟು. ಮೆಲ್ಲ ಮೆಲ್ಲ ಬಳೀರಿ. ಜಾಸ್ತಿ ಮುಚ್ಚಿತಾ? ಎಕ್ಸ್ ಕೀ ಒತ್ತಿ ಬಿಳಿಗೆ ಬದಲಾಯಿಸಿ ಅದೇ ಜಾಗಕ್ಕೆ ಬಳೀರಿ, ವಾಪಸ್ ಬರುತ್ತೆ.

5. ಶಿಫ್ಟ್ ಹಿಡಿದು ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ತೆರೆ ಪೂರ್ತಿ ಸರಿಯುತ್ತೆ, ಇನ್ನೊಮ್ಮೆ ಕ್ಲಿಕ್ ಮಾಡಿದರೆ ಮುಚ್ಚುತ್ತೆ. ಆಗಾಗ ಹೀಗೆ ಹಳತು ಹೊಸತು ಹೋಲಿಸಿ.

6. ಕೆಲಸದ ಫೈಲನ್ನ ಪಿಎಸ್‌ಡಿ ಆಗಿ ಉಳಿಸಿ. ಜೆಪೆಗ್‌ನಲ್ಲಿ ಲೇಯರ್, ಮಾಸ್ಕ್ ಯಾವುದೂ ಉಳಿಯಲ್ಲ. ಫೋಟೋಶಾಪ್ ಇಲ್ಲದವರು ಗಿಂಪ್ ಹಾಕಿಕೊಳ್ಳಿ, ಉಚಿತ. ಅದರಲ್ಲೂ ಲೇಯರ್ ಮಾಸ್ಕ್ ಇದೆ. ಅದರ ಫೈಲನ್ನ ಅದರದ್ದೇ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ.

ಇನ್ನೊಂದು ಕೆಲಸ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಹಳೇ ಫೋಟೋ ಚೊಕ್ಕ ಮಾಡೋ ಮುಂಚೆ ಮನೆಯ ಹಿರಿಯರ ಪಕ್ಕ ಕೂತು ಒಂದೊಂದು ಕಲೆಯನ್ನೂ ಬೆರಳಿಟ್ಟು ಕೇಳಿ: "ಇದು ಯಾರು? ಇದು ಎಂಥ?" ನಾನು ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಮುಳುಗಡೆ ಮುಂಚಿನ ಫೋಟೋ ಇದ್ರೆ ಈ ಮಳೆಗಾಲ ಶುರುವಾಗೋ ಮೊದಲೇ ಸ್ಕ್ಯಾನ್ ಮಾಡಿಡಿ. ಮಾಡೋಕೆ ಬರದಿದ್ರೆ ಮೆಸೇಜ್ ಹಾಕಿ. ಹುಲಿಕಲ್, ನಗರ, ಹೊಸನಗರ ಸುತ್ತಮುತ್ತ ಆದ್ರೆ ನಾನೇ ಬಂದು ಮಾಡಿಕೊಡ್ತೀನಿ.

#ಹುಲಿಕಲ್ #ಬಾಳೆಬರೆಘಾಟಿ #ಲೇಯರ್‌ಮಾಸ್ಕ್ #ಫೋಟೋಚರಿತ್ರೆ #ಬಬ್ರುವಾಹನ #ಶರಾವತಿಮುಳುಗಡೆ #ಕನ್ನಡದಲ್ಲಿಫೋಟೋಪಾಠ